ಗೇಟಿನಲ್ಲಿ ನಿಂತ ಮುಖ

ಬೆಳಗಾವಿಯ ಶಹಾಪುರದ ನಮ್ಮ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅಣ್ಣ. ಗೋಡೆಯಾಚೆಯವರು ವಿದ್ಯುತ್ ಮಗ್ಗ ಹಾಕಿಸಿದ ಮೇಲಂತೂ ಊಟಕ್ಕೆ ಕೂತರೆ ತಾಟಿನಲ್ಲಿಯ ಸಾರು ನಡುಗುತ್ತಿತ್ತು. ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡಿದ್ದು ನನಗೆ ನೆನಪಿಲ್ಲ. ಪ್ರೀತಿಯ ಮಾತನ್ನೂ ಕೂಗಿಯೇ ಹೇಳಬೇಕು. ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಅರಣ್ಯ ಇಲಾಖೆಯಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಖಾನಾಪುರದ ಕಾಡಿಗೆ ಹಾಕಿದ್ದಾರೆ ಎಂದಾಗ ಅವ್ವ ಅತ್ತಳು. ನನಗೆ ಮಾತ್ರ ಖುಷಿ. ಅಲ್ಲಿ ಸದ್ದಿರುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಜಾಂಬೋಟಿ ದಾಟಿ ಡಾಂಬರು ರಸ್ತೆಯಿಂದ ಇಳಿದು ಕಾಡಿನೊಳಗೆ ಒಂದಿಷ್ಟು ದೂರ ನಡೆದರೆ ಇಲಾಖೆಯ ಹಳೆಯ ಬಂಗಲೆ. ಅದರ ಹಿಂದೆ ಒಂದು ಅಬ್ಬಿ ಬೀಳುತ್ತಿತ್ತು, ಮುಂದೆ ಗುಡ್ಡದ ನೆತ್ತಿಗೆ ಹೋಗುವ ಕಾಲುದಾರಿ. ರವಿವಾರ ಬಂದರೆ ಬೆಳಗಾವಿಯ ಮಂದಿ ಮೆಟಡೋರ್ ಮಾಡಿಕೊಂಡು ಬರುತ್ತಿದ್ದರು. ಚಳಿಗಾಲದಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡ ಕಾಲೇಜು ಹುಡುಗರು ಗುಡ್ಡ ಹತ್ತಲು ಬರುತ್ತಿದ್ದರು. ಉಳಿದ ದಿನಗಳಲ್ಲಿ ನಾನು ಮತ್ತು ಬಂಗಲೆಯ ಅಡುಗೆಯವನು, ಇಬ್ಬರೇ. ಅವನು ಹತ್ತಿರದ ಹಳ್ಳಿಯವನು, ಮರಾಠಿ ಮನೆಮಾತು, ನನಗಿಂತ ತುಂಬ ದೊಡ್ಡವನು. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಸಂಜೆಯಾದರೆ ಅವನೂ ಮನೆಗೆ ಹೋಗಿಬಿಡುತ್ತಿದ್ದ. ಆಮೇಲೆ ಬಂಗಲೆಯ ಬಾಜೂಕಿನ ಒಂದು ಕೋಣೆ ಮತ್ತು ನಾನು.

ಮೊದಲ ವರ್ಷ ಆ ಮೌನ ನನಗೆ ಸಿಹಿಯಾಗಿತ್ತು. ಎರಡನೆಯ ವರ್ಷ ಅಷ್ಟಿರಲಿಲ್ಲ. ಮನೆಯವರು ಖಾಸಬಾಗದ ಒಂದು ಹುಡುಗಿಯನ್ನು ನೋಡಿ ನನಗೆ ನಿಶ್ಚಯ ಮಾಡಿದ್ದರು. ಒಂದೇ ಸಲ ನೋಡಿದ್ದ ಅವಳ ಮುಖವನ್ನು ಎಷ್ಟು ಸಲ ನೆನೆಸಿಕೊಂಡೆನೆಂದರೆ, ಕೊನೆಗೆ ಅದು ನಿಜವಾದ ಮುಖವೋ ನಾನು ಕಟ್ಟಿಕೊಂಡದ್ದೋ ತಿಳಿಯದಂತಾಯಿತು.

ಕರಡಿ ಬರಲು ಸುರುವಾದದ್ದು ಆ ಬೇಸಿಗೆಯಲ್ಲಿ. ಅಡುಗೆಮನೆಯ ಹಿಂದೆ ಒಂದು ತಗ್ಗಿತ್ತು. ಬಂದವರು ಉಂಡು ಮಿಕ್ಕಿದ್ದನ್ನೆಲ್ಲ ಅದರಲ್ಲಿ ಸುರಿಯುತ್ತಿದ್ದರು: ಬುತ್ತಿಯ ರೊಟ್ಟಿ, ಶೇಂಗಾ ಹೋಳಿಗೆ, ಮೊಸರನ್ನ, ಹಲಸಿನ ತೊಳೆ. ಒಂದು ಸಂಜೆ ತಗ್ಗಿನೊಳಗೆ ಕಪ್ಪಗೆ ಏನೋ ಅಲ್ಲಾಡಿತು. ಮಾಮಾ ನನ್ನ ತೋಳು ಹಿಡಿದು, "ಅಸ್ವಲ," ಎಂದ. ಮರಾಠಿಯಲ್ಲಿ ಕರಡಿಗೆ ಹಾಗೆನ್ನುತ್ತಾರೆ. ನಾವು ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡಿದೆವು. ದೊಡ್ಡ ಗಂಡು, ಒಂದು ಕಿವಿ ಹರಿದಿತ್ತು. ತಿಂದು ತನ್ನ ಪಾಡಿಗೆ ತಾನು ಹೋಯಿತು.

ಸುದ್ದಿ ಬೆಳಗಾವಿಯ ತನಕ ಹೋಯಿತು. ಮಂದಿ ಕರಡಿ ನೋಡಲೆಂದೇ ಬರತೊಡಗಿದರು. ಸಂಜೆ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದರು. ಒಬ್ಬ ವ್ಯಾಪಾರಿ ಊರಿಂದ ಕುಂದಾ ಕಟ್ಟಿಸಿಕೊಂಡು ಬಂದು ಅಂಗಳಕ್ಕೆ ಎಸೆದ. ಕರಡಿ ಅದನ್ನು ಕಟ್ಟಿದ ಎಲೆಯ ಸಮೇತ ತಿಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. "ಬ್ಯಾಡ್ರೀ, ಹಾಕಬ್ಯಾಡ್ರಿ," ಎಂದು ನಾನು ಹೇಳಿದರೆ, "ಏ ತಮ್ಮಾ, ಅದೇನ ಮಾಡತೈತಿ? ಸಾಕಿದ ನಾಯಿ ಆದಂಗ ಆಗೇತಿ," ಎಂದು ನಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕರಡಿ ಹಗಲಲ್ಲೂ ಬರತೊಡಗಿತು. ಗುಡ್ಡದ ದಾರಿಯಲ್ಲಿ ಒಬ್ಬ ಹುಡುಗನ ಬೆನ್ನಚೀಲ ಕಿತ್ತುಕೊಂಡಿತು. ಅಡುಗೆಮನೆಯ ಕಿಟಕಿಯ ಸರಳು ಬಗ್ಗಿಸಿ ಬೆಲ್ಲದ ಡಬ್ಬಿ ಒಯ್ದಿತು. ಮಾಮಾ ಖಾನಾಪುರದ ಕಚೇರಿಗೆ ಹೋಗಿ ಹೇಳಿಬಂದ. ಬಂದು ನೋಡುತ್ತೇವೆ ಎಂದರಂತೆ.

ಅವರು ಬರುವ ಮೊದಲೇ ನನ್ನ ಸರದಿ ಬಂತು.

ಅದೊಂದು ಸೋಮವಾರ, ಬೆಳ್ಳಂಬೆಳಗು. ಹಿಂದಿನ ದಿನ ಜನ ಬಹಳ ಬಂದಿದ್ದರು. ಮಂಜು ಅಡುಗೆಮನೆಯ ಗೋಡೆಗೆ ಒರಗಿಕೊಂಡಂತೆ ನಿಂತಿತ್ತು. ನಾನು ಕೊಡ ಹಿಡಿದು ನೀರಿನ ತೊಟ್ಟಿಯ ಕಡೆ ಹೊರಟು ಗೋಡೆಯ ಮೂಲೆ ತಿರುಗಿದೆ. ಕರಡಿ ತಗ್ಗಿನಿಂದ ತಲೆ ಎತ್ತಿತು. ನಮ್ಮಿಬ್ಬರ ನಡುವೆ ಒಂದು ಮಗ್ಗದಷ್ಟೂ ಜಾಗವಿರಲಿಲ್ಲ. ಅದೂ ಬೆದರಿತ್ತೆಂದು ಈಗ ನನಗನ್ನಿಸುತ್ತದೆ. ಎರಡು ಕಾಲ ಮೇಲೆ ಎದ್ದು ನಿಂತಿತು. ತೊಯ್ದ ಹಳೆ ಕಂಬಳಿಯಂಥ ವಾಸನೆ ಬಂತು. ಕೊಡ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿತು. ಮುಖದ ಮೇಲೆ ಯಾರೋ ಬಿಸಿ ನೀರು ಸುರಿದಂತಾಯಿತು. ನೋವು ಗೊತ್ತಾಗಲಿಲ್ಲ. ಎಡಗಡೆಯ ಬೆಳಕು ಎಲ್ಲಿ ಹೋಯಿತು ಎಂದು ಹುಡುಕುತ್ತ ನೆಲ ತಡಕಾಡಿದ್ದು ನೆನಪಿದೆ.

ಆ ದಿನ ಬಂಗಲೆಯಲ್ಲಿ ಉಳಿದುಕೊಂಡವರು ಇದ್ದದ್ದರಿಂದ ಜೀವ ಉಳಿಯಿತು. ಅವರು ಕೂಗಾಡಿ ಕರಡಿಯನ್ನು ಓಡಿಸಿದರು. ಆಗಷ್ಟೇ ಬಂದ ಮಾಮಾ ತನ್ನ ಧೋತರದಿಂದ ನನ್ನ ಮುಖ ಸುತ್ತಿದ. ಅವರ ಜೀಪಿನಲ್ಲೇ ಖಾನಾಪುರ, ಅಲ್ಲಿಂದ ಬೆಳಗಾವಿ.

ಆಸ್ಪತ್ರೆಯಲ್ಲಿ ಬಹಳ ತಿಂಗಳು ಕಳೆದೆ. ಎಡಗಣ್ಣು ಹೋಗಿತ್ತು, ಮೂಗಿನ ಅರ್ಧ ಹೋಗಿತ್ತು, ಎಡಗೆನ್ನೆಯನ್ನು ತೊಡೆಯ ಚರ್ಮ ತಂದು ಮುಚ್ಚಿದ್ದರು. ಮನೆಗೆ ಬಂದಾಗ ಓಣಿಯ ಹೆಂಗಸರು ಒಬ್ಬೊಬ್ಬರೇ ನೋಡಲು ಬಂದರು. ನೋಡಿ, ಆಮೇಲೆ ನೆಲ ನೋಡುತ್ತ ಕೂತರು. ಅಣ್ಣನ ಮಗಳು ಮೊದಲೆಲ್ಲ ನನ್ನ ಹೆಗಲೇರಿ ಕೂರುವವಳು. ಈಗ ನಾನು ಒಳಗೆ ಬಂದರೆ ಅವಳು ಹೊರಗೆ ಹೋಗುತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಖಾಸಬಾಗದಿಂದ ಹುಡುಗಿಯ ಅಪ್ಪ ಬಂದರು. ಅವ್ವ ಉಪ್ಪಿಟ್ಟು ಕೊಟ್ಟಳು. ಅವರು ತಿಂದರು, ಚಹಾ ಕುಡಿದರು, ಈ ಸಲ ನೂಲಿನ ದರ ಏರಿದ್ದರ ಬಗ್ಗೆ ಅಪ್ಪನ ಜೊತೆ ಮಾತಾಡಿದರು. ಮದುವೆಯ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಡಲು ಬಂದು, ಇಡದೆ, "ಆರಾಮ ಆಗಪಾ," ಎಂದು ಚಪ್ಪಲಿ ಮೆಟ್ಟಿದರು.

ಅವ್ವ ಬಾಗಿಲು ಮುಂದೆ ಮಾಡಿ ಹೇಳಿದಳು: "ಯಾರರ ಕೇಳಿದ್ರ ನಾವ ಬ್ಯಾಡ ಅಂದೀವಿ ಅಂತ ಹೇಳೂಣು. ಹುಡುಗಿ ಎತ್ತರ ಕಡಿಮಿ ಇದ್ಲು ಅನ್ನೂಣು."

ಮಗ್ಗದ ಸದ್ದಿನಲ್ಲಿ ಈ ಮಾತನ್ನೂ ಅವಳು ಕೂಗಿಯೇ ಹೇಳಬೇಕಾಯಿತು. ಓಣಿಗೆಲ್ಲ ಕೇಳಿಸಿರಬೇಕು.

ಇಲಾಖೆ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಗಾಯ ಮಾಯ್ದ ಮೇಲೆ ಖಾನಾಪುರದ ಕಚೇರಿಗೆ ಹೋದೆ. ಹೊಸ ವಲಯ ಅಧಿಕಾರಿ ಬಂದಿದ್ದರು. ಧಾರವಾಡದ ಕಡೆಯವರು, ಮಾತು ಕಡಿಮೆ. ನಾನು ನಿಂತುಕೊಂಡೇ ಕೇಳಿದೆ: "ಸಾಹೇಬ್ರ, ಅದನ್ನ ಗುಂಡ ಹಾಕಿ ಕೊಲ್ಲಸ್ರಿ."

"ಕುಂದರು," ಎಂದರು. ನಾನು ಕೂರಲಿಲ್ಲ.

"ಕೊಲ್ಲಾಕ ಮ್ಯಾಲಿನವರ ಹುಕುಂ ಬೇಕು. ಅದ ಸಿಗ್ತದ ಅಂತನ ತಿಳಿ. ಕೊಂದ್ವಿ. ಆ ತಗ್ಗು ಹಂಗ ಇರ್ತದ, ಮಂದಿ ಹಂಗ ಚೆಲ್ತಾರ. ಮುಂದಿನ ವರ್ಷ ಇನ್ನೊಂದು ಕರಡಿ ಬರ್ತದ. ಆವಾಗ ನಿನ್ನ ಜಾಗಾದಾಗ ಇನ್ನೊಬ್ಬ ನಿಂತಿರ್ತಾನ."

"ಇನ್ನೊಂದರದ್ದ ನನಗ ಗೊತ್ತಿಲ್ರೀ. ನನಗ ಇದು ಸಾಯಬೇಕು," ಎಂದೆ.

ಅವರು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ನನ್ನ ಕಡೆ ಸರಿಸಿದರು. ನಾನು ಕುಡಿಯದೆ ಹೊರಗೆ ಬಂದೆ. ಕರಡಿ ಸಾಯಲೇಬೇಕೆಂಬ ಆಸೆ ಆಮೇಲೂ ಬಹಳ ಕಾಲ ನನ್ನೊಳಗಿತ್ತು.

ಅವರು ಮೊದಲು ಬೋನು ತರಿಸಿದರು. ಬೆಲ್ಲ, ಹಲಸು ಇಟ್ಟು ಕಾದರು. ಕರಡಿ ಸಿಕ್ಕಿತು. ಅದನ್ನು ಲಾರಿಯಲ್ಲಿ ಏರಿಸಿ ದೂರದ ಕಾಡಿಗೆ ಒಯ್ದು ಬಿಟ್ಟರು. ಮುಂದಿನ ಮಳೆ ಬೀಳುವ ಮೊದಲೇ ಹರಿದ ಕಿವಿ ಮತ್ತೆ ತಗ್ಗಿನ ಅಂಚಿನಲ್ಲಿ ಕಾಣಿಸಿತು. ಎಷ್ಟು ಗುಡ್ಡ, ಎಷ್ಟು ಹಳ್ಳ ದಾಟಿ ಬಂತೋ. ಹೋಳಿಗೆಯ ರುಚಿ ಅದನ್ನು ಎಳೆದು ತಂದಿತ್ತು.

ಆಗ ಸಾಹೇಬರು ತಗ್ಗನ್ನು ಮುಚ್ಚಿಸಿದರು. ಅಡುಗೆಮನೆಗೆ ಕಬ್ಬಿಣದ ಬಾಗಿಲು ಹಾಕಿಸಿದರು. ಮುಸುರೆಯನ್ನು ದಿನಾ ಡಬ್ಬಿಯಲ್ಲಿ ತುಂಬಿ ಮಾಮಾನ ಹಳ್ಳಿಯ ಎಮ್ಮೆಗಳಿಗೆ ಕಳಿಸುವ ವ್ಯವಸ್ಥೆಯಾಯಿತು. ರಸ್ತೆಯಿಂದ ಬಂಗಲೆಗೆ ತಿರುಗುವಲ್ಲಿ ಒಂದು ಅಡ್ಡಗಂಬದ ಗೇಟು, ಅದರ ಬಾಜೂಕೆ ತಗಡಿನ ಕೋಣೆ, ಕಲ್ಲಿನ ಕಟ್ಟೆ. ಬಂದವರು ಬುತ್ತಿಯನ್ನು ಕಟ್ಟೆಯ ಮೇಲೆ ಕೂತೇ ಉಣ್ಣಬೇಕು, ಇಲ್ಲವೆ ಕೋಣೆಯ ಕಪಾಟಿನಲ್ಲಿಟ್ಟು ಹೋಗಬೇಕು. ಒಳಗೆ ನೀರು ಮಾತ್ರ. ಅಲ್ಲಿ ಕೂರಿಸಿದ ಕಾವಲುಗಾರನ ಮಾತನ್ನು ಯಾರೂ ಕೇಳಲಿಲ್ಲ. ಸೀರೆಯ ಸೆರಗಿನಲ್ಲಿ, ಕ್ಯಾಮೆರಾದ ಚೀಲದಲ್ಲಿ ತಿಂಡಿ ಬಚ್ಚಿಟ್ಟು ಒಯ್ಯುತ್ತಿದ್ದರು.

ಒಂದು ದಿನ ಸಾಹೇಬರು ನನ್ನನ್ನು ಕರೆಸಿದರು. ಕಿಟಕಿಯ ಹೊರಗೆ ನೋಡುತ್ತ, "ಆ ಗೇಟಿಗೆ ನೀ ಹೋಗ್ತೀ ಏನು? ನಿನ್ನ ಮಾತು ಮಂದಿ ಕೇಳ್ತಾರ," ಎಂದರು.

"ನನ್ನ ಮಾತಲ್ರೀ ಸಾಹೇಬ್ರ," ಎಂದೆ. "ನನ್ನ ಮಾರಿ."

ನಮ್ಮ ಕಡೆ ಮುಖಕ್ಕೆ ಮಾರಿ ಎನ್ನುತ್ತೇವೆ. ಅವರು ಇಲ್ಲವೆನ್ನಲಿಲ್ಲ. "ನಾ ಜುಲುಮೆ ಮಾಡೂದಿಲ್ಲ," ಎಂದರು. ಅವರ ದನಿಯಲ್ಲಿ ನಾಚಿಕೆಯಿತ್ತು. ನಾನು ಒಪ್ಪಿಕೊಂಡೆ. ಊರಿನಲ್ಲಿ ನನ್ನನ್ನು ಹೇಗಿದ್ದರೂ ನೋಡುತ್ತಿದ್ದರು. ಇಲ್ಲಿ ನೋಡಿದರೆ ಏನಾದರೂ ಉಪಯೋಗಕ್ಕೆ ಬರಲಿ ಅನ್ನಿಸಿತು.

ಉಪಯೋಗಕ್ಕೆ ಬಂತು. ಮೆಟಡೋರ್ ನಿಲ್ಲುತ್ತಿತ್ತು, ನಗುತ್ತ ಇಳಿದವರು ನನ್ನನ್ನು ಕಂಡು ಸುಮ್ಮನಾಗುತ್ತಿದ್ದರು. "ಒಳಗ ಕರಡಿ ಐತ್ರಿ. ತಿನ್ನೂದೇನೂ ಒಯ್ಯಬ್ಯಾಡ್ರಿ," ಎಂದು ನಾನು ಹೇಳಿ ಮುಗಿಸುವುದರೊಳಗೆ ಸೆರಗಿನ ಗಂಟುಗಳು ಬಿಚ್ಚುತ್ತಿದ್ದವು. ತಾಯಂದಿರು ಮಕ್ಕಳ ಮುಖವನ್ನು ತಮ್ಮ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದರು. ಕೆಲವರು ನನ್ನ ಬದಲು ಕಂಬದ ಜೊತೆ ಮಾತಾಡುತ್ತಿದ್ದರು. ಒಬ್ಬ ತನ್ನ ಗೆಳೆಯನನ್ನು ನನ್ನ ಬಾಜೂಕೆ ನಿಲ್ಲಿಸಿ ಫೋಟೊ ತೆಗೆದ, ನನ್ನನ್ನು ಕೇಳದೆಯೇ. ಸಂಜೆ ಎಲ್ಲರೂ ಅದೇ ದಾರಿಯಿಂದ ಇಳಿದು ಹೋಗುತ್ತಿದ್ದರು. ಕತ್ತಲೆಯೊಳಗೆ ಅವರ ಹಾಡು ಕ್ಷೀಣವಾಗುತ್ತ ಹೋಗುವುದನ್ನು ಕೇಳುತ್ತ ಕಟ್ಟೆಯ ಮೇಲಿನ ಎಂಜಲು ಆರಿಸಿ, ಒಲೆ ಹೊತ್ತಿಸುತ್ತಿದ್ದೆ. ಮಾಮಾನಿಗೆ ವಯಸ್ಸಾಗಿ ಕೆಲಸ ಬಿಟ್ಟ ಮೇಲೆ, ವಾರದ ನಡುವೆ ನನ್ನ ದನಿ ನನಗೇ ಕೇಳದ ದಿನಗಳು ಎಷ್ಟೋ.

ಕರಡಿ ಮೊದಲ ವರ್ಷ ಬಹಳ ಕಾಡಿತು. ತಿನ್ನಲು ಸಿಗದೆ ರೊಚ್ಚಿಗೆದ್ದು ಅಡುಗೆಮನೆಯ ಕಬ್ಬಿಣದ ಬಾಗಿಲನ್ನು ಪರಚಿತು. ಮುಚ್ಚಿದ ತಗ್ಗನ್ನು ಮತ್ತೆ ತೋಡಿತು. ಒಂದು ಸಲ ಗೇಟಿನ ಕೋಣೆಗೂ ಬಂದು ಕಪಾಟು ಕೆಡವಿತು. ಆಗ ನಾನು ಅಟ್ಟದ ಮೇಲೆ ಹತ್ತಿ, ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದೆ. ಅದು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದೆ. ನಾವು ಡಬ್ಬಿ ಬಾರಿಸಿದೆವು, ಪಟಾಕಿ ಹಚ್ಚಿದೆವು. ಎರಡನೆಯ ವರ್ಷ ಬರುವುದು ಕಡಿಮೆಯಾಯಿತು.

ಅವ್ವ ಒಂದು ಸಲ ಬಂದಳು. ನಾನು ಊರಿಗೆ ಹೋಗದೆ ಬಹಳ ಕಾಲವಾಗಿತ್ತು. ಬಸ್ಸಿಳಿದು, ಬುತ್ತಿಯ ಗಂಟು ಹೊತ್ತು, ಒಬ್ಬಳೇ ನಡೆದು ಗೇಟಿಗೆ ಬಂದಳು. ಕಟ್ಟೆಯ ಮೇಲೆ ಕೂತು ಇಬ್ಬರೂ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡೆವು. ಆಗ ಒಂದು ಮೆಟಡೋರ್ ಬಂತು. ಇಳಿದವರಲ್ಲಿ ಒಬ್ಬ ದಪ್ಪ ಗಂಡಸು ನನ್ನನ್ನು ನೋಡುತ್ತಲೇ ನಿಂತ. ಪಕ್ಕದವಳಿಗೂ ಕೈ ಮಾಡಿ ತೋರಿಸಿದ.

ಅವ್ವ ಎಂಜಲು ಕೈಯಲ್ಲೇ ಎದ್ದಳು. "ಏನ ನೋಡಾಕತ್ತೀಯೋ? ನಿಮ್ಮಂಥವರು ಚೆಲ್ಲಿದ ಕೂಳಿಗೆ ಬಂದ ಕರಡಿ ನನ್ನ ಮಗನ್ನ ಹಿಂಗ ಮಾಡೇತಿ. ನೋಡು, ಚಂದಂಗ ನೋಡು!"

ಆ ಮನುಷ್ಯ ಕೈ ಮುಗಿದುಬಿಟ್ಟ. ನಾನು ಅವ್ವನನ್ನು ಕೂರಿಸಿದೆ. ಅವಳ ದನಿ ಸುತ್ತಲಿನ ಮರಗಳಿಗೆ ಬಡಿದು ತಿರುಗಿ ಬಂತು. ಅಷ್ಟು ಜೋರಾಗಿ ಮಾತಾಡಬೇಕಾದ್ದಿಲ್ಲ ಇಲ್ಲಿ ಎಂದು ಅವಳಿಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಹೊರಟಾಗ, "ಮನಿಗೆ ಬಾ," ಎಂದಳು. "ಬರ್ತೀನಿ," ಎಂದೆ. ಇಬ್ಬರಿಗೂ ಗೊತ್ತಿತ್ತು, ಬರುವುದಿಲ್ಲವೆಂದು.

ಎಂಬತ್ತರ ದಶಕ ಸುರುವಾದ ಮೇಲೆ, ಚಳಿಗಾಲದಲ್ಲಿ ಬೆಳಗಾವಿಯ ಒಂದು ಸಾಲೆಯಿಂದ ಹುಡುಗಿಯರು ಗುಡ್ಡ ಹತ್ತಲು ಬರತೊಡಗಿದರು. ಅವರನ್ನು ಕರೆತರುವ ಶಿಕ್ಷಕಿ ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಮೊದಲ ಸಲ ಬಂದಾಗ ಹುಡುಗಿಯರನ್ನು ಕಟ್ಟೆಯ ಮುಂದೆ ಸಾಲಾಗಿ ನಿಲ್ಲಿಸಿ, "ಇವರಿಗೆ ನಾಕು ಮಾತು ಹೇಳ್ರಿ," ಎಂದರು. ನಾನು ಎಂದಿನಂತೆ ಎಡಗೆನ್ನೆ ಅವರ ಕಡೆ ತಿರುಗಿಸಿ, "ನೋಡ್ರಿ, ನಾನೂ ನಿಮ್ಮಂಗ ಇದ್ದೆ," ಎಂದು ಸುರುಮಾಡಿದೆ.

"ಅದನ್ನಲ್ರೀ," ಎಂದರು ಅವರು. ನನ್ನ ಉಳಿದ ಕಣ್ಣನ್ನೇ ನೋಡುತ್ತ ಮಾತಾಡಿದರು. "ನಿಮಗ ಆಗಿದ್ದು ಕಾಣಸ್ತೈತಿ. ಕರಡಿ ಬಗ್ಗೆ ಹೇಳ್ರಿ. ಅದು ಏನ ತಿಂತೈತಿ, ಎಲ್ಲಿ ಮಲಗತೈತಿ, ಮರಿ ಯಾವಾಗ ಹಾಕತೈತಿ?"

ಕರಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದರ ವಾಸನೆ ಮತ್ತು ಅದು ಕಸ ತಿನ್ನುತ್ತದೆ ಎಂಬುದು, ಅಷ್ಟೇ. "ಗೊತ್ತಿಲ್ರೀ ಅಕ್ಕೋರ," ಎಂದೆ.

"ಮುಂದಿನ ವರ್ಷ ಬರ್ತೀವಿ. ಆವಾಗ ಹೇಳ್ರಿ," ಎಂದರು. ಹುಡುಗಿಯರು ನಕ್ಕರು. ನನಗೂ ನಗು ಬಂತು. ಮಾಯ್ದ ಚರ್ಮ ಬಿಗಿದು ನೋಯಿತು, ಅಷ್ಟು ಕಾಲವಾಗಿತ್ತು ನಕ್ಕು.

ಆ ವರ್ಷ ನಾನು ನೋಡತೊಡಗಿದೆ. ರಜೆಯ ದಿನ ಕೋಲು ಹಿಡಿದು, ಜೋರಾಗಿ ಕೆಮ್ಮುತ್ತ, ನಡುಹಗಲಲ್ಲಿ ಕಾಡಿನೊಳಗೆ ಸ್ವಲ್ಪ ಸ್ವಲ್ಪ ದೂರ ಹೋದೆ. ಕೆಡವಿದ ಹುತ್ತ, ಮರದ ತೊಗಟೆಯ ಮೇಲೆ ಉಗುರಿನ ಗೀರು, ಬೀಜ ತುಂಬಿದ ಲದ್ದಿ. ಗೊತ್ತಾಗದ್ದನ್ನು ಸಾಹೇಬರನ್ನು ಕೇಳಿದೆ. ಅವರು ತಮ್ಮ ಪುಸ್ತಕ ತೆಗೆದು ಓದಿ ಹೇಳಿದರು. ಮುಂದಿನ ಚಳಿಗಾಲ ಹುಡುಗಿಯರಿಗೆ ಹೇಳಿದೆ: ಬೇಸಿಗೆಯಲ್ಲಿ ಕವಳಿ ಹಣ್ಣು, ನೇರಳೆ, ಉಳಿದ ಕಾಲ ಗೆದ್ದಲು, ಜೇನು, ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಶಿಕ್ಷಕಿ ಮರದ ನೆರಳಲ್ಲಿ ನಿಂತು ಕೇಳಿಸಿಕೊಂಡರು. ಅವರು ಬರುವ ವಾರ ಯಾವುದೆಂದು ನನಗೆ ಮೊದಲೇ ಗೊತ್ತಿರುತ್ತಿತ್ತು. ಕಟ್ಟೆಯನ್ನು ತೊಳೆದಿಡುತ್ತಿದ್ದೆ. ಮಡಿ ಅಂಗಿ ಹಾಕುತ್ತಿದ್ದೆ. ವರ್ಷದ ಉಳಿದ ದಿನಗಳೆಲ್ಲ ಆ ಒಂದು ದಿನಕ್ಕೆ ಆತುಕೊಂಡಿದ್ದವು ಎಂದರೆ ತಪ್ಪಲ್ಲ. ಅವರಿಗೆ ಅದು ಗೊತ್ತಿರಲಾರದು. ನಮ್ಮ ಮಾತು ಕರಡಿ ಬಿಟ್ಟು ಬೇರೆಯದಕ್ಕೆ ಎಂದೂ ಹೋಗಲಿಲ್ಲ.

ನಾಲ್ಕೋ ಐದೋ ವರ್ಷದ ನಂತರ ಹುಡುಗಿಯರ ಜೊತೆ ಬೇರೆ ಶಿಕ್ಷಕಿ ಬಂದರು. "ಅವರು ಲಗ್ನಾ ಮಾಡ್ಕೊಂಡು ಪುಣೆಕ್ಕ ಹೋದ್ರು," ಎಂದರು. ನಾನು ಹುಡುಗಿಯರಿಗೆ ಕವಳಿ ಹಣ್ಣಿನಿಂದ ಸುರುಮಾಡಿ ಎಲ್ಲವನ್ನೂ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವರು ಗುಡ್ಡ ಹತ್ತಿ ಹೋದ ಮೇಲೆ ಕೋಣೆಯೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಗೋಡೆ ನೋಡುತ್ತ ಕೂತೆ.

ಹರಿದ ಕಿವಿಯ ಕರಡಿಯನ್ನು ಕೊನೆಯ ಸಲ ನೋಡಿದ್ದು ಅದರ ಮುಂದಿನ ಬೇಸಿಗೆಯಲ್ಲಿ. ಗುಡ್ಡದ ಎದುರಿನ ಇಳಿಜಾರಿನಲ್ಲಿ ಹುತ್ತವೊಂದರ ಮುಂದೆ ಕೂತಿತ್ತು. ಮೂತಿಯನ್ನು ತೂತಿಗಿಟ್ಟು ಉಸಿರೆಳೆಯುವ ಸದ್ದು ಹಳ್ಳದ ಈಚೆಗೂ ಕೇಳುತ್ತಿತ್ತು. ಬೆನ್ನ ಮೇಲಿನ ಕೂದಲು ಉದುರಿ ಮುದಿಯಾಗಿತ್ತು. ಅದು ಸಾಯಲಿ ಎಂದುಕೊಳ್ಳಲು ಯತ್ನಿಸಿದೆ, ಆಗಲಿಲ್ಲ. ಹಾಗೆಂದು ಅದರ ಮೇಲೆ ಕರುಣೆಯೂ ಬರಲಿಲ್ಲ. ಗಾಳಿ ತಿರುಗುವ ಮೊದಲು ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದುಬಿಟ್ಟೆ.

ಆಮೇಲೆ ಬಂಗಲೆಯ ಹತ್ತಿರ ಯಾವ ಕರಡಿಯೂ ಬರಲಿಲ್ಲ. ಬೇರೆ ಕರಡಿಗಳು ಕಾಡಿನಲ್ಲಿದ್ದವು, ಆದರೆ ಅವುಗಳಿಗೆ ನಮ್ಮ ಅನ್ನದ ರುಚಿ ಹತ್ತಿರಲಿಲ್ಲ. ಸಾಹೇಬರು ಅಂದುಕೊಂಡದ್ದು ಆಯಿತು. ಅವರಿಗೆ ವರ್ಗವಾಗಿತ್ತು, ಹೇಳೋಣವೆಂದರೆ ಅವರಿರಲಿಲ್ಲ. ಗುಡ್ಡ ಹತ್ತಲು ಬಂದ ಹೊಸ ಹುಡುಗರು ನನ್ನ ಜೊತೆ ವಾದ ಮಾಡತೊಡಗಿದರು. "ಎಲ್ಲೈತ್ರೀ ಕರಡಿ? ಹತ್ತು ಸಲ ಬಂದೀವಿ, ಒಂದೂ ಕಂಡಿಲ್ಲ." ನನ್ನ ಮುಖ ಕಂಡು ಒಬ್ಬಳು ಗೆಳತಿಗೆ ಪಿಸುಗುಟ್ಟಿದ್ದು ಕೇಳಿಸಿತು: "ಸುಟ್ಟಿರಬೇಕು, ಪಾಪ."

ಎಂಬತ್ತರ ದಶಕದ ಕೊನೆಗೆ ಗೇಟಿನ ಕೋಣೆ ತೆಗೆದರು. ಕರಡಿಯ ಚಿತ್ರ ಬರೆದ ಒಂದು ಫಲಕ ನೆಟ್ಟರು. ನನ್ನನ್ನು ಖಾನಾಪುರದ ಕಟ್ಟಿಗೆ ಡಿಪೋಕ್ಕೆ ಹಾಕಿದರು. ಸ್ಟೇಶನ್ನಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆ. ರೈಲು ಬಂದು ಹೋಗುವುದನ್ನು ಬಿಟ್ಟರೆ ರವಿವಾರಗಳು ಖಾಲಿ.

ಕೋಣೆಯ ಎದುರಿಗೆ ಒಬ್ಬ ಮುದುಕನ ಕಟಿಂಗ್ ಅಂಗಡಿಯಿತ್ತು. ಗಾಯವಾದಂದಿನಿಂದ ನನ್ನ ಗಡ್ಡವನ್ನು ನಾನೇ ಬೆರಳಿಂದ ತಡವಿಕೊಂಡು ತೆಗೆಯುತ್ತಿದ್ದೆ, ಕೂದಲನ್ನೂ ನಾನೇ ಕತ್ತರಿಸಿಕೊಳ್ಳುತ್ತಿದ್ದೆ. ಒಂದು ರವಿವಾರ ಮುಂಜಾನೆ ಅವನು ಬಾಗಿಲಲ್ಲಿ ನಿಂತು ಟವೆಲು ಝಾಡಿಸುತ್ತ, "ಯಾ, ಬಸಾ," ಎಂದು ಕರೆದ. ಬನ್ನಿ, ಕೂತುಕೊಳ್ಳಿ ಎಂದು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರೂ ಇರಲಿಲ್ಲ.

ಕುರ್ಚಿಯಲ್ಲಿ ಕೂತೆ. ಅವನು ಕುಂಚದಿಂದ ನೊರೆ ಹಚ್ಚಿದ. ಮಗಳ ಬಾಣಂತನ, ಅಳಿಯನ ಕುಡಿತ, ರೈಲು ತಡವಾಗುವುದು, ಎಲ್ಲವನ್ನೂ ಮರಾಠಿಯಲ್ಲಿ ಹೇಳುತ್ತ ಹೋದ. ಏನಾಯಿತೆಂದು ಕೇಳಲಿಲ್ಲ. ಎಡಗೆನ್ನೆಗೆ ಬಂದಾಗ ಮಾತ್ರ ಮಾತು ನಿಲ್ಲಿಸಿದ. ಬೇರೆಯವರ ಕೈ ನನ್ನ ಮುಖ ಮುಟ್ಟಿ ಎಷ್ಟು ವರ್ಷವಾಗಿತ್ತೋ. ನನ್ನ ಗದ್ದವನ್ನು ಎರಡು ಬೆರಳಿನಲ್ಲಿ ಹಿಡಿದು, ಬೀದಿಯ ಬೆಳಕಿನ ಕಡೆ ಮೆಲ್ಲಗೆ ತಿರುಗಿಸಿ, ಗಾಯದ ಗೆರೆಗಳ ಸಂದಿನಲ್ಲಿ ಕತ್ತಿಯನ್ನು ನಿಧಾನವಾಗಿ ಆಡಿಸತೊಡಗಿದ.